ಹರಾಜಿನ ಭಯ ಬಂದಾಗ ಪಕ್ಕದ ಮನೆ ಬಾಗಿಲು ತಟ್ಟಿ

ದೊಡ್ಡಬಳ್ಳಾಪುರದ ಒಬ್ಬ ನೇಕಾರರು ನನ್ನ ಆಫೀಸಿಗೆ ಬಂದಾಗ ಕೈಯಲ್ಲಿ ಬಟ್ಟೆ ಅಂಗಡಿಯ ಹಳೇ ಕವರ್ ಇತ್ತು. ಅದರೊಳಗೆ ನಾಲ್ಕು ಮಡಿಕೆ ಮಾಡಿದ ನೋಟಿಸ್: ಸಾಲದ ಬಾಕಿ ಕಟ್ಟದಿದ್ದರೆ ಅಡವಿಟ್ಟ ಮನೆ ವಶಕ್ಕೆ ತೆಗೆದುಕೊಳ್ಳುತ್ತೇವೆ ಅಂತ. ಬಂದು 20 ದಿನ ಆಗಿತ್ತು, ಹೆಂಡತಿಗೂ ತೋರಿಸಿರಲಿಲ್ಲ. "ಸಾರ್, ಬೀದಿಯಲ್ಲಿ ಯಾರಿಗೂ ಗೊತ್ತಾಗೋದು ಬೇಡ" ಅಂದರು. ಮುಂದಿನ ವಾರ ಅದೇ ಬೀದಿಯ ಇನ್ನೊಬ್ಬರು ಬಂದರು. ಸಾಲ ಕೊಟ್ಟ ಸಂಸ್ಥೆ ಒಂದೇ, ನೋಟಿಸಿನ ನಮೂನೆ ಒಂದೇ. ಅವರು ಹೇಳಿದ್ದೂ ಅದೇ ಮಾತು.

ಇಬ್ಬರ ಮನೆಯಲ್ಲೂ ಕೆಳಗೆ ಎರಡು ವಿದ್ಯುತ್ ಮಗ್ಗ, ಮೇಲೆ ಸಂಸಾರ. ಮನೆ ಹೋದರೆ ದುಡಿಮೆಯೂ ಹೋಗುತ್ತದೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ: "ನಿಮ್ಮ ಹಾಗೇ ಇನ್ನೊಬ್ಬರಿದ್ದಾರೆ. ನಿಮ್ಮ ವಿಷಯ ಅವರಿಗೆ ಹೇಳಲಾ?" ಒಪ್ಪಲು ಒಬ್ಬರಿಗೆ ಮೂರು ದಿನ ಬೇಕಾಯಿತು.

ವಕೀಲಿಗೆ ಬರುವ ಮುಂಚೆ ನಾನು ಬ್ಯಾಂಕಿನ ವಸೂಲಾತಿ ವಿಭಾಗದಲ್ಲಿ ಕೆಲಸ ಮಾಡಿದವನು. ಮೇಜಿನ ಆ ಕಡೆ ಕೂತು ನೋಡಿದ್ದನ್ನೇ ಹೇಳುತ್ತೇನೆ. ಒಬ್ಬನೇ ಬಂದು ಕೈಮುಗಿಯುವ ಸಾಲಗಾರನ ಅರ್ಜಿ ಶಾಖೆಯ ಮ್ಯಾನೇಜರ್ ಹತ್ತಿರವೇ ಉಳಿಯುತ್ತದೆ. ರಿಯಾಯಿತಿ ಕೊಡುವ ಅಧಿಕಾರ ಅವರಿಗೆ ತೀರಾ ಕಮ್ಮಿ. ಒಂದೇ ಬೀದಿಯ ಹತ್ತು ಅರ್ಜಿ ಒಟ್ಟಿಗೆ ಬಂದರೆ ಅದು ಮೇಲಿನ ಕಚೇರಿಗೆ ಹೋಗಲೇಬೇಕು. ಅಲ್ಲಿ ಬೇರೆ ಲೆಕ್ಕ ಶುರುವಾಗುತ್ತದೆ. ಒಂದೇ ಬೀದಿಯಲ್ಲಿ ಹತ್ತು ಮನೆ ಹರಾಜಿಗಿಟ್ಟರೆ ಕೊಳ್ಳೋರು ಯಾರು? ಮೊದಲ ಹರಾಜಿಗೆ ಯಾರೂ ಬರುವುದಿಲ್ಲ, ಮೂಲ ಬೆಲೆ ಇಳಿಸಿ ಮತ್ತೆ ಕರೆಯಬೇಕು. ಆ ನಷ್ಟದ ಮುಂದೆ ಕಂತು ಇಳಿಸಿ ಅವಧಿ ಹೆಚ್ಚಿಸುವುದೇ ಅಗ್ಗ. ಈ ಲೆಕ್ಕವೇ ಜನರ ಕೈಯಲ್ಲಿರುವ ಬಲ.

ಕಾನೂನು ಇಷ್ಟು. ಕಂತು 90 ದಿನ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆಮೇಲೆ, ಅಡವಿಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡಲು ಇರುವ 2002ರ ಸರ್ಫೇಸಿ ಕಾಯ್ದೆಯಡಿ, ಕೋರ್ಟಿಗೆ ದಾವೆ ಹಾಕದೆಯೇ, 60 ದಿನದ ನೋಟಿಸ್ ಕೊಡಬಹುದು. ಅದು ಮುಗಿದ ಮೇಲೆ ಸ್ವಾಧೀನ, ನಂತರ ಹರಾಜು. ಆ 60 ದಿನವನ್ನು ಹೆಚ್ಚಿನವರು ದೇವರಿಗೆ ಹರಕೆ ಹೊತ್ತು ಕಳೆಯುತ್ತಾರೆ. ಅದೇ ಕಾಯ್ದೆಯ 13(3ಎ) ಕಲಂ ನೋಡಿ. ನೋಟಿಸಿಗೆ ನೀವು ಲಿಖಿತ ಆಕ್ಷೇಪಣೆ ಕೊಟ್ಟು ಅದನ್ನು ಅವರು ಒಪ್ಪದಿದ್ದರೆ, 15 ದಿನದೊಳಗೆ ಕಾರಣ ಬರೆದು ಉತ್ತರಿಸಲೇಬೇಕು. ಮುಂದೆ ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಅಲ್ಲಿ ಖರ್ಚು ಜಾಸ್ತಿ, ಓಡಾಟವೂ ಜಾಸ್ತಿ.

ಮೊದಲ ಸಭೆ ಬೀದಿಯ ದೇವಸ್ಥಾನದ ಜಗಲಿ ಮೇಲೆ ನಡೆಯಿತು. ಹತ್ತು ಮನೆಯವರು ಬಂದರು. ಶುರುವಿಗೇ ಒಬ್ಬ ತಾಯಿ ಕೇಳಿದರು: "ಗುಂಪು ಅಂದ್ರೆ ಅವರ ಸಾಲಕ್ಕೂ ನಾನೇ ಸಹಿ ಹಾಕ್ಬೇಕಾ?" ಆ ಭಯ ಸುಮ್ನೆ ಬಂದದ್ದಲ್ಲ. ಮೈಕ್ರೋಫೈನಾನ್ಸ್ ಗುಂಪಿನಲ್ಲಿ ಬೇರೆಯವರ ಕಂತು ಕಟ್ಟಿ ಸುಟ್ಟುಕೊಂಡವರು ಅವರು. ಇಲ್ಲಿ ಹಾಗಿಲ್ಲ. ಸಾಲ ಅವರವರದು, ಸಹಿ ಅವರವರದು. ಒಟ್ಟಿಗೆ ಮಾಡುವುದು ಮಾತುಕತೆ ಮಾತ್ರ. ಅದನ್ನು ಒಂದು ಹಾಳೆಯಲ್ಲಿ ಬರೆದು ಓದಿ ಹೇಳಿದ ಮೇಲೆಯೇ ಅವರು ತಮ್ಮ ಪಾಸ್‌ಬುಕ್ ತೆಗೆದರು.

ಹತ್ತೂ ಮನೆಯ ಖಾತೆ ವಿವರವನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದೆವು: ಪಡೆದ ಸಾಲ, ಕಟ್ಟಿದ್ದು, ತಪ್ಪಿದ ಕಂತು, ಹಾಕಿದ ದಂಡ. ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಕೂಡುತ್ತಾ ಕೂಡುತ್ತಾ ತಲೆ ಎತ್ತಿದಳು: "ದಂಡಕ್ಕೂ ಬಡ್ಡಿ ಹಾಕಿದ್ದಾರೆ ಅಲ್ವಾ ಸಾರ್?" ಹೌದು. ರಿಸರ್ವ್ ಬ್ಯಾಂಕಿನ ನಿಯಮ 2024ರಲ್ಲಿ ಜಾರಿಗೆ ಬಂದ ಮೇಲೆ ಕಂತು ತಪ್ಪಿದ್ದಕ್ಕೆ ದಂಡ ಶುಲ್ಕ ಹಾಕಬಹುದು, ಅದರ ಮೇಲೆ ಮತ್ತೆ ಬಡ್ಡಿ ಎಣಿಸುವಂತಿಲ್ಲ. ಒಂದೇ ಖಾತೆ ನೋಡಿದ್ದರೆ ಅದನ್ನು ಗುಮಾಸ್ತರ ತಪ್ಪು ಅನ್ನಬಹುದಿತ್ತು. ಹತ್ತರಲ್ಲೂ ಇದ್ದಾಗ ಹಾಗನ್ನಲು ಬರುವುದಿಲ್ಲ.

ಒಂದೇ ದಿನ ಹತ್ತು ಆಕ್ಷೇಪಣೆ ಕೊಟ್ಟು ಹತ್ತಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಮೇಲೊಂದು ಒಟ್ಟು ಪತ್ರ. ಮಾತಾಡಲು ಮೂವರು ಪ್ರತಿನಿಧಿಗಳು. ಸಾಲ ಮನ್ನಾ ಕೇಳಲಿಲ್ಲ. ದಂಡ ಕೈಬಿಡಿ, ಅವಧಿ ಹೆಚ್ಚಿಸಿ, ಮಾತುಕತೆ ಮುಗಿಯುವ ತನಕ ಸ್ವಾಧೀನ ಬೇಡ ಅಂತ ಕೇಳಿದೆವು. ಕಂತು ನಿಲ್ಲಿಸಲೂ ಬಿಡಲಿಲ್ಲ. ಆದಷ್ಟು ಕಟ್ಟಿ ರಸೀದಿ ಇಟ್ಟುಕೊಳ್ಳಿ ಅಂದೆ. ಒಂದೆರಡು ಕಂತಿನಿಂದ ಎನ್‌ಪಿಎ ಹೋಗುವುದಿಲ್ಲ, ಬಾಕಿ ಪೂರ್ತಿ ತೀರಬೇಕು. ಆದರೂ ಮಾತಿಗೆ ಕೂತಾಗ ಆ ರಸೀದಿಗೆ ತೂಕವಿರುತ್ತದೆ. ಮಧ್ಯದಲ್ಲಿ ಒಬ್ಬ ದಲ್ಲಾಳಿ ಬಂದು, ತಲಾ ಇಷ್ಟು ಕೊಡಿ, ಸಾಲವನ್ನೇ ತೆಗೆಸುತ್ತೇನೆ ಅಂದ. ಅಂಥವರನ್ನು ಹೊಸ್ತಿಲು ದಾಟಿಸಬೇಡಿ.

ಇದು ನಾನು ಕಂಡುಹಿಡಿದ ದಾರಿಯಲ್ಲ. ಸ್ಪೇನಿನಲ್ಲಿ 2008ರ ಆರ್ಥಿಕ ಕುಸಿತದ ನಂತರ ಸಾವಿರಾರು ಮನೆ ಬ್ಯಾಂಕುಗಳ ಪಾಲಾದವು. ಮನೆ ಬಿಟ್ಟುಕೊಟ್ಟರೂ ಉಳಿದ ಸಾಲ ಬೆನ್ನು ಬಿಡುತ್ತಿರಲಿಲ್ಲ. ನಮ್ಮ ಸರ್ಫೇಸಿಯಲ್ಲೂ ಹಾಗೇ, ಹರಾಜಿನ ಹಣ ಸಾಲದಿದ್ದರೆ ಉಳಿದದ್ದನ್ನು ವಸೂಲಿ ಮಾಡಬಹುದು. 2009ರಲ್ಲಿ ಬಾರ್ಸಿಲೋನಾದಲ್ಲಿ ಅಡಮಾನ ಸಂತ್ರಸ್ತರ ವೇದಿಕೆ, ಅಂದರೆ ಪಿಎಎಚ್, ಹುಟ್ಟಿತು. ಅಲ್ಲಿ ಕಷ್ಟವನ್ನು ಎಲ್ಲರೆದುರೇ ಹೇಳಿಕೊಳ್ಳುತ್ತಾರೆ. ಈಗಾಗಲೇ ಅದನ್ನು ದಾಟಿದವರು ಹೊಸಬರಿಗೆ ದಾರಿ ಹೇಳುತ್ತಾರೆ, ಬ್ಯಾಂಕಿಗೂ ಜೊತೆಗೆ ಹೋಗುತ್ತಾರೆ. ಅದರ ಮುಂಚೂಣಿಯಲ್ಲಿದ್ದ ಅದಾ ಕೊಲಾವ್ 2015ರಲ್ಲಿ ಆ ನಗರದ ಮೇಯರ್ ಆದರು.

ನಮ್ಮ ಹತ್ತರಲ್ಲಿ ಎಂಟು ಮನೆಗೆ ಅವಧಿ ಹೆಚ್ಚಿಸಿ ಕೊಟ್ಟರು, ದಂಡವನ್ನೂ ಕೈಬಿಟ್ಟರು. ಇನ್ನಿಬ್ಬರಿಗೆ ಇಳಿಸಿದ ಕಂತೂ ಭಾರವಾಗಿತ್ತು. ತಾವೇ ಗಿರಾಕಿ ಹುಡುಕಲು ಸಮಯ ಕೇಳಿ ಪಡೆದರು. ಹರಾಜಿನಲ್ಲಿ ಬರುತ್ತಿದ್ದದ್ದಕ್ಕಿಂತ ಒಳ್ಳೇ ಬೆಲೆಗೆ ಮಾರಿ ಸಾಲ ತೀರಿಸಿದರು.

ಹನ್ನೊಂದನೆಯ ಮನೆಯೂ ಇತ್ತು. ಮೊದಲ ಸಭೆಗೆ ಅವರನ್ನೂ ಕರೆದಿದ್ದರು. "ನಮಗೇನೂ ತೊಂದರೆ ಇಲ್ಲ" ಅಂದು ಕಳಿಸಿದ್ದರು. ಅವರು ನನ್ನ ಹತ್ತಿರ ಬಂದದ್ದು ಪೇಪರಿನಲ್ಲಿ ಹರಾಜಿನ ಪ್ರಕಟಣೆ ಬಂದ ಮೇಲೆ. ಪ್ರಕಟಣೆ ಆದ ಮೇಲೆ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಉಳಿಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನಾವು ಜಗಲಿ ಮೇಲೆ ಕೂತಿದ್ದ ಆ ಸಂಜೆ ಅವರ ಸ್ವಾಧೀನದ ನೋಟಿಸ್ ಅವರ ಮನೆಯಲ್ಲೇ ಇತ್ತು, ಗೋಡೆಯ ಕ್ಯಾಲೆಂಡರ್ ಹಿಂದೆ.