ಶ್ರೀರಂಗಪಟ್ಟಣದ ಹೊಳೆ ದಂಡೆ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನೀರಿಗೆ ಇಳಿಯಬಹುದು?

ಪ್ರಶ್ನೆ: ಮೈಸೂರಿನಿಂದ ಒಂದು ದಿನದ ಮಟ್ಟಿಗೆ ಶ್ರೀರಂಗಪಟ್ಟಣಕ್ಕೆ ಹೊರಟಿದ್ದೇವೆ. ಮಂಡಿನೋವಿನ ಅಮ್ಮ, ಇಬ್ಬರು ಮಕ್ಕಳು ಜೊತೆಗಿರುತ್ತಾರೆ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ? ಮಕ್ಕಳು ಹೊಳೆಗೆ ಇಳಿಯಬೇಕೆಂದು ಹಟ ಹಿಡಿದಿದ್ದಾರೆ. ಎಲ್ಲಿ ಇಳಿಸಬಹುದು?

ಉತ್ತರ: ಹೊಳೆ ಹರಿಯುವ ದಿಕ್ಕಿಗೇ ಹೋಗಿ, ಅಷ್ಟೇ. ಕಾವೇರಿ ಪಶ್ಚಿಮದಲ್ಲಿ ಎರಡಾಗಿ ಒಡೆದು, ಪಟ್ಟಣವನ್ನು ನಡುವೆ ಇಟ್ಟುಕೊಂಡು, ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಕೋಟೆ, ರಂಗನಾಥಸ್ವಾಮಿ ದೇವಸ್ಥಾನ, ರೈಲು ನಿಲ್ದಾಣ ಎಲ್ಲವೂ ಪಶ್ಚಿಮದ ತುದಿಯಲ್ಲಿವೆ. ನಡುವೆ ದರಿಯಾ ದೌಲತ್ ಅರಮನೆ. ಅದನ್ನು ದಾಟಿದರೆ ಟಿಪ್ಪುವಿನ ಸಮಾಧಿಯಿರುವ ಗುಂಬಜ್, ಗಂಜಾಂ, ನಿಮಿಷಾಂಬ ದೇವಸ್ಥಾನ, ಕೊನೆಗೆ ಸಂಗಮ. ಈ ತುದಿಯಿಂದ ಆ ತುದಿಗೆ ಐದಾರು ಕಿಲೋಮೀಟರ್. ಬಹಳ ಮಂದಿ ಕಾರು ನಿಲ್ಲಿಸಲು ಜಾಗ ಸಿಕ್ಕಿದ ಕಡೆಯಿಂದ ಶುರು ಮಾಡಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾರೆ. ದೇವಸ್ಥಾನಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿ ಬಾಗಿಲು ಹಾಕಿರುತ್ತದೆ, ಮತ್ತೆ ಸಂಜೆವರೆಗೆ ಕಾಯಬೇಕಾಗುತ್ತದೆ.

ಅಮ್ಮನಿಗೆ ರೈಲೇ ಸುಖ. ನಿಲ್ದಾಣ ಕೋಟೆಯೊಳಗೇ ಇರುವುದರಿಂದ ದೇವಸ್ಥಾನಕ್ಕೆ ನಿಧಾನವಾಗಿ ನಡೆದೇ ಹೋಗಬಹುದು. ಬಸ್ಸಿಗೆ ಹೋಗುವುದಾದರೆ ಹತ್ತುವ ಮೊದಲೇ 'ಪಟ್ಟಣದ ಒಳಗೆ ಹೋಗ್ತದಾ?' ಎಂದು ಕಂಡಕ್ಟರನ್ನು ಕೇಳಿ. ಬೆಂಗಳೂರು ಕಡೆಯ ತಡೆರಹಿತ ಬಸ್ಸುಗಳು ಬೈಪಾಸ್ ಹಿಡಿದುಬಿಡುತ್ತವೆ. ಸ್ಕೂಟರ್, ಬೈಕಿನವರಿಗೆ ಎಕ್ಸ್‌ಪ್ರೆಸ್‌ವೇ ಮೇಲೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯಲ್ಲೇ ಬರಬೇಕು. ಭಾನುವಾರವೂ ಹುಣ್ಣಿಮೆಯೂ ನಿಮಿಷಾಂಬದಲ್ಲಿ ಜನಜಾತ್ರೆ. ವಾರದ ನಡುವೆ ಬಿಡುವು ಮಾಡಿಕೊಂಡರೆ ಅಮ್ಮನಿಗೆ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಎಂಟು, ಎಂಟೂವರೆಗೆ ದೇವಸ್ಥಾನದಲ್ಲಿರಿ. ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯನೆಂಬ ಸಾಮಂತ ಕಟ್ಟಿಸಿದ್ದು ಎಂದು ಇತಿಹಾಸ ಹೇಳುತ್ತದೆ. ಶಿವನಸಮುದ್ರದ್ದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ, ಇದು ಆದಿರಂಗ. ಮೂರೂ ಕಾವೇರಿಯ ನಡುಗಡ್ಡೆಗಳೇ. ಬೆಳಿಗ್ಗೆಯೇ ಹೋಗಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ: ಹತ್ತು ದಾಟಿದರೆ ಅಂಗಳದ ಕಲ್ಲು ಕಾದು ಬರಿಗಾಲಿಗೆ ಚುರುಕ್ ಎನ್ನುತ್ತದೆ. ಅಮ್ಮನಿಗೆ ಒಂದು ಜೊತೆ ಕಾಲುಚೀಲ ಚೀಲದಲ್ಲಿ ಇಟ್ಟಿರಿ.

ಅಲ್ಲಿಂದ ಉತ್ತರದ ಕೋಟೆಗೋಡೆಯ ಕಡೆ ಬಂದರೆ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೇಲಿಯ ಹೆಸರಿನ ಬಂದೀಖಾನೆ. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ. ಮೇಲಿನಿಂದ ನೋಡಿದರೆ ಸುಮ್ಮನೆ ಒಂದು ಮಣ್ಣಿನ ದಿಬ್ಬ. ಮೆಟ್ಟಿಲಿಳಿದರೆ ಸುಣ್ಣ ಬಳಿದ ಕಮಾನುಗಳ ಕೆಳಗೆ, ಸುಮಾರು ಮೂವತ್ತು ಮೀಟರ್ ಉದ್ದದ ತಣ್ಣನೆಯ ಜಾಗ. ಗೋಡೆಯಿಂದ ಕಲ್ಲಿನ ಚಪ್ಪಡಿಗಳು ಹೊರಚಾಚಿವೆ, ಅವುಗಳಲ್ಲಿ ತೂತುಗಳಿವೆ. ಕೈದಿಗಳನ್ನು ಸರಪಳಿಯಿಂದ ಕಟ್ಟುತ್ತಿದ್ದದ್ದು ಆ ತೂತುಗಳಿಗೇ. ನೆಲದ ಮೇಲೆ ಬಿದ್ದಿರುವ ಫಿರಂಗಿಯನ್ನು ಯಾರೂ ಪ್ರದರ್ಶನಕ್ಕೆಂದು ತಂದಿಟ್ಟಿದ್ದಲ್ಲ. 1799ರ ಮುತ್ತಿಗೆಯಲ್ಲಿ ಮೇಲಿನ ಕೋಟೆಯಿಂದ ಚಾವಣಿ ಒಡೆದುಕೊಂಡು ಒಳಗೆ ಬಿದ್ದದ್ದು, ಅಲ್ಲೇ ಇದೆ. ಮೆಟ್ಟಿಲು ಅಮ್ಮನಿಗೆ ಕಷ್ಟವಾದರೆ ಮೇಲೆ ಮರದ ನೆರಳಲ್ಲಿ ಕೂರಿಸಿ ಮಕ್ಕಳನ್ನಷ್ಟೇ ಇಳಿಸಿ.

ಟಿಪ್ಪು ಬಿದ್ದ ಜಾಗವೂ ಹತ್ತಿರದಲ್ಲೇ ಇದೆ, ಒಂದು ಕಲ್ಲು ನೆಟ್ಟಿದ್ದಾರೆ. ದಿನಾಂಕವನ್ನು ಗಮನಿಸಿ: ಮೇ 4. ಬೇಸಿಗೆಯಲ್ಲಿ ಹೊಳೆ ಬತ್ತಿ ಬಂಡೆ ಎದ್ದಿದ್ದರಿಂದಲೇ ಇಂಗ್ಲಿಷರ ಸೈನ್ಯ ನಡೆದು ದಾಟಿ ಬಂದದ್ದು. ಇನ್ನೊಂದು ತಿಂಗಳು ಕಳೆದು ಮುಂಗಾರಿನ ನೀರು ಬಂದಿದ್ದರೆ ಆ ಕೋಟೆಗೆ ಹೊಳೆಯೇ ಕಾವಲು. ಈ ಊರಿನಲ್ಲಿ ಎಲ್ಲಕ್ಕೂ ನೀರಿನ ಮಟ್ಟವೇ ಲೆಕ್ಕ. ನಿಮ್ಮ ಎರಡನೆಯ ಪ್ರಶ್ನೆಗೂ ಅಷ್ಟೇ.

ಬಿಸಿಲು ಏರುವ ಹೊತ್ತಿಗೆ ದರಿಯಾ ದೌಲತ್‌ಗೆ ಬನ್ನಿ. 1784ರ ತೇಗದ ಮರದ ಬೇಸಿಗೆ ಅರಮನೆ, ಸುತ್ತ ತೋಟ, ಹುಲ್ಲು, ನೆರಳು. ಪಶ್ಚಿಮದ ಗೋಡೆ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಬಂದೀಖಾನೆಯಲ್ಲಿ ಹೆಸರು ಕೇಳಿದ ಬೇಲಿ ಸೋತು ಸೆರೆಸಿಕ್ಕಿದ್ದು ಈ ಯುದ್ಧದಲ್ಲೇ. ಗಾಯಗೊಂಡು ಪಲ್ಲಕ್ಕಿಯಲ್ಲಿ ಕೂತಿರುವ ಅವನನ್ನು ಹುಡುಕಲು ಮಕ್ಕಳಿಗೆ ಹೇಳಿ. ಅರ್ಧ ಗಂಟೆ ಅಲುಗಾಡುವುದಿಲ್ಲ. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ, ಬಣ್ಣ ಉಳಿಯಬೇಕಲ್ಲ. ಗುಂಬಜ್‌ನಲ್ಲಿ ನೋಡಬೇಕಾದದ್ದು ಸುತ್ತಲಿನ ನುಣುಪು ಕರಿಗಲ್ಲಿನ ಕಂಬಗಳು ಮತ್ತು ದಂತದ ಕುಸುರಿಯ ಬಾಗಿಲು. ಹೈದರ್, ಟಿಪ್ಪು, ಟಿಪ್ಪುವಿನ ತಾಯಿ ಮೂವರ ಸಮಾಧಿಯೂ ಒಳಗಿವೆ.

ಇನ್ನು ನೀರಿನ ವಿಷಯ.

ಮನೆ ಬಿಡುವ ಮೊದಲು ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಿ. ಹೊಳೆಯ ಮೇಲ್ಗಡೆಯ ಕೆಆರ್‌ಎಸ್ ಅಣೆಕಟ್ಟಿನ ಗರಿಷ್ಠ ಮಟ್ಟ 124.80 ಅಡಿ. ಜುಲೈ, ಆಗಸ್ಟ್‌ನಲ್ಲಿ ಅದರ ಹತ್ತಿರ ಬಂದಿದೆ ಎಂದರೆ ಯಾವ ಹೊತ್ತಿನಲ್ಲಾದರೂ ಹೊಳೆಗೆ ನೀರು ಬಿಟ್ಟಾರು. ಪಕ್ಕದಲ್ಲೇ 'ಹೊರಹರಿವು' ಎಂದು ಕ್ಯೂಸೆಕ್ ಲೆಕ್ಕ ಕೊಟ್ಟಿರುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್, ಹತ್ತು ಸಾವಿರ ಕ್ಯೂಸೆಕ್ ಎಂದರೆ ಸೆಕೆಂಡಿಗೆ 2.83 ಲಕ್ಷ ಲೀಟರ್. ಅಂಕಿಯಲ್ಲಿ ನಾಲೆಯ ನೀರೂ ಸೇರಿರುತ್ತದೆ ನಿಜ, ಆದರೆ ಹತ್ತು ಸಾವಿರ ಮೀರಿದ ದಿನ ಮಕ್ಕಳನ್ನು ಮೆಟ್ಟಿಲಿನಿಂದ ಕೆಳಗೆ ಬಿಡಬೇಡಿ. ದಂಡೆಯಲ್ಲಿ ಕೂತು ನೋಡಲಿ, ತುಂಬಿದ ಕಾವೇರಿಯನ್ನು ನೋಡುವುದೂ ಭಾಗ್ಯವೇ.

ನೀರು ಶಾಂತವಾಗಿರುವ ದಿನ ಇಳಿಯಬಹುದಾದದ್ದು ಮೆಟ್ಟಿಲು ಕಟ್ಟಿರುವ ಕಡೆ ಮಾತ್ರ: ದೇವಸ್ಥಾನದ ಹತ್ತಿರದ ಸ್ನಾನಘಟ್ಟ, ನಿಮಿಷಾಂಬದ ಸೋಪಾನ. ಅಲ್ಲೂ ನೀರೊಳಗೆ ಎರಡು ಮೆಟ್ಟಿಲು, ಅಷ್ಟೇ. ಅಷ್ಟು ಎಚ್ಚರ ಯಾಕೆಂದರೆ ಇದು ಮರಳು ಹಾಸಿದ ಹೊಳೆಯಲ್ಲ, ಬಂಡೆಯ ಹೊಳೆ. ಮಂಡಿಯುದ್ದ ನೀರಿನಲ್ಲಿ ನಿಂತವನು ಇನ್ನೊಂದು ಹೆಜ್ಜೆಯಿಟ್ಟರೆ ಆಳುದ್ದದ ಮಡು ಇರುತ್ತದೆ. ಬಂಡೆಗಳ ಸಂದಿಯಲ್ಲಿ ನೀರು ನುಗ್ಗುವ ಕಡೆ ಸುಳಿ. ಪಾಚಿ ಹಿಡಿದ ಕಲ್ಲಂತೂ ಸೋಪು ಸವರಿದಂತೆ. ಸಾಲದ್ದಕ್ಕೆ, ಕರ್ಮ ಮುಗಿಸಿದವರು ಬಿಟ್ಟುಹೋದ ಬಟ್ಟೆಗಳು ನೀರೊಳಗೆ ಕಾಲಿಗೆ ಸುತ್ತಿಕೊಳ್ಳುತ್ತವೆ. ಈಜು ಬಲ್ಲವರೂ ಮುಳುಗುವುದು ಹೀಗೆಯೇ. ಹೊಳೆಗೆ ಬಟ್ಟೆ ಎಸೆಯಬೇಡಿ, ಎಸೆಯುವವರನ್ನು ಕಂಡರೆ ಮೆತ್ತಗೆ ಹೇಳಿ.

ಇಳಿಯುವಾಗ ನೀರು ಯಾವ ಮೆಟ್ಟಿಲನ್ನು ಮುಟ್ಟುತ್ತಿದೆ ಎಂದು ಗುರುತಿಟ್ಟುಕೊಳ್ಳಿ. ಒಬ್ಬ ದೊಡ್ಡವರು ನೀರಿಗಿಳಿಯದೆ ಅದನ್ನೇ ನೋಡುತ್ತಿರಲಿ. ಗುರುತಿನ ಮೆಟ್ಟಿಲು ಮುಳುಗಿತೋ, ಕಸಕಡ್ಡಿ, ನೊರೆ ತೇಲಿ ಬರತೊಡಗಿತೋ, ಮರುಮಾತಿಲ್ಲದೆ ಎಲ್ಲರೂ ಮೇಲೆ.

ಸಂಗಮದಲ್ಲಿ ಮಕ್ಕಳನ್ನು ಇಳಿಸಲೇಬೇಡಿ. ಎರಡು ಕವಲಿನ ಸೆಳೆತ ಕೂಡುವ ಜಾಗ ಅದು. ಅಸ್ಥಿ ಬಿಡಲು ಬಂದವರು ದುಃಖದಲ್ಲಿರುತ್ತಾರೆ, ಅವರ ಪಕ್ಕದಲ್ಲಿ ನೀರಾಟ ಆಡುವುದು ಸರಿಯೂ ಅಲ್ಲ. ಮಕ್ಕಳ ಆಸೆಯನ್ನು ಹರಿಗೋಲಿನಲ್ಲಿ ತೀರಿಸಿ. ಹತ್ತುವಾಗ ಅಂಚನ್ನು ತುಳಿಯದೆ ನೇರ ನಡುವೆ ಕಾಲಿಡಬೇಕು, ಕೂತ ಮೇಲೆ ಭಾರ ಸುತ್ತ ಸಮನಾಗಿ ಹಂಚಿಕೊಳ್ಳಬೇಕು. ತಳ ಚಪ್ಪಟೆ, ಆಕಾರ ದುಂಡು. ಒಬ್ಬರು ಫೋಟೋಗೆಂದು ಎದ್ದು ನಿಂತರೆ ಸಾಕು, ಅತ್ತ ವಾಲಿ ನೀರು ಒಳಗೆ ಬರುತ್ತದೆ. ಲೈಫ್ ಜಾಕೆಟ್ ಮಕ್ಕಳ ಅಳತೆಯದ್ದು ಇದೆಯೇ ಕೇಳಿ. ದೊಡ್ಡವರದ್ದನ್ನು ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೇಳುತ್ತದೆ, ಮಗು ಕೆಳಗೆ ಜಾರುತ್ತದೆ. ಜಾಕೆಟ್ ಇಲ್ಲವೆಂದರೆ ಹತ್ತಬೇಡಿ. ಗಿರಗಿರನೆ ತಿರುಗಿಸಿ ಎಂದು ಅಂಬಿಗರನ್ನು ಒತ್ತಾಯಿಸಬೇಡಿ.

ಸ್ವಂತ ವಾಹನವಿದ್ದು, ತಿಂಗಳು ಡಿಸೆಂಬರ್‌ನಿಂದ ಜೂನ್ ಒಳಗಾದರೆ, ದಿನವನ್ನು ರಂಗನತಿಟ್ಟಿನಿಂದಲೇ ಶುರು ಮಾಡಬಹುದು. ಅದು ಪಟ್ಟಣಕ್ಕಿಂತ ಮೇಲೆ, ಹೊಳೆಯ ಪಶ್ಚಿಮಕ್ಕೇ ಇದೆ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ್ ಕಟ್ಟೆ ಕಟ್ಟಿಸಿದಾಗ ಆದ ತಿಟ್ಟುಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. ಅರಣ್ಯ ಇಲಾಖೆಯ ದೋಣಿಯಲ್ಲಿ ಕೂತರೆ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳು ಕಾಣುತ್ತವೆ. ಮೆಟ್ಟಿಲು ಕಟ್ಟದ ದಂಡೆಯಲ್ಲಿ ಇಳಿಯಬೇಡಿ ಎನ್ನುವುದಕ್ಕೆ ಅವೂ ಒಂದು ಕಾರಣ. ನೀರು ಹೆಚ್ಚಾದಾಗ ದೋಣಿವಿಹಾರ ನಿಲ್ಲಿಸುತ್ತಾರೆ. ಹಾಗೆ ಹೋದರೆ ದೇವಸ್ಥಾನಕ್ಕೆ ಹನ್ನೊಂದರೊಳಗೆ ಬಂದುಬಿಡಬೇಕು.

ಆಟೋ ಮಾಡುವವರು ನಿಲ್ದಾಣದಲ್ಲೇ ಎಲ್ಲ ಜಾಗದ ಹೆಸರು ಹೇಳಿ, ಕಾಯುವುದೂ ಸೇರಿ ಇಷ್ಟು ಎಂದು ಮಾತಾಡಿಕೊಳ್ಳಿ. ಸಂಗಮದಲ್ಲಿ ಇಳಿಸಿ ಹೋಗಲು ಬಿಡಬೇಡಿ. ಸಂಜೆ ಅಲ್ಲಿಂದ ವಾಪಸ್ ಆಟೋ ಸಿಗುವುದು ಕಷ್ಟ, ಅಮ್ಮನಿಗೆ ನಿಲ್ದಾಣದವರೆಗೆ ನಡೆಯುವುದು ಆಗದ ಮಾತು.