ಮೊದಲು ಯಾರಿಗೆ ಹೇಳುವುದು: ಮುಂಬಯಿ, ಪುಣೆಯ ಕನ್ನಡಿಗರು ಮತ್ತು ಲಿಂಗತ್ವದ ಗುರುತು

ಮುಂಬಯಿಗೆ ಬಂದ ಕನ್ನಡಿಗರಲ್ಲಿ ಅನೇಕರಿಗೆ ಕೆಲಸ ಸಿಕ್ಕಿದ್ದು ಊರಿನವರ ಮೂಲಕ. ಹೊಟೇಲಿನ ಧಣಿ ತಾಯಿಯ ಕಡೆಯ ನೆಂಟನಾಗಿರುತ್ತಾನೆ, ಜೊತೆಯಲ್ಲಿ ಕೆಲಸ ಮಾಡುವವನು ನೆರೆಮನೆಯವನಾಗಿರುತ್ತಾನೆ, ಭಾನುವಾರ ಸಂಘದ ಕಾರ್ಯಕ್ರಮದಲ್ಲಿ ಸಿಗುವವರೂ ಅವರೇ. ಗಂಡೆಂದು ಬೆಳೆಸಲ್ಪಟ್ಟ ವ್ಯಕ್ತಿಯೊಬ್ಬಳು ಇಲ್ಲಿ ಯಾರಾದರೊಬ್ಬರ ಬಳಿ ‘ನಾನು ಹೆಣ್ಣು’ ಎಂದು ಹೇಳಿಕೊಂಡರೆ, ಆ ಮಾತು ಉಡುಪಿಯ ಮನೆ ಸೇರಲು ಹೆಚ್ಚು ದಿನ ಬೇಕಾಗುವುದಿಲ್ಲ. ಯಾರಿಗೆ, ಯಾವಾಗ ಹೇಳಬೇಕೆಂಬ ನಿರ್ಧಾರ ಅವಳ ಕೈತಪ್ಪುವುದೇ ಇಲ್ಲಿನ ನಿಜವಾದ ಸಮಸ್ಯೆ, ಮತ್ತು ಅದಕ್ಕೆ ದೀರ್ಘ ಇತಿಹಾಸವಿದೆ.

ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗವು, ಅಪರಾಧದ ಶಂಕೆಯ ಮೇಲೆ ಹಿಜ್ರಾಗಳ ಹೆಸರು ಮತ್ತು ವಾಸಸ್ಥಳಗಳನ್ನು ಬರೆದಿಡುವ ಅಧಿಕಾರ ಕೊಟ್ಟಿತು. ಹಾಗೆ ನೋಂದಾಯಿತರಾದವರು ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಿತ್ತು. ಅಂದರೆ ಗುರುತನ್ನು ಹೇಳುತ್ತಿದ್ದವರು ಪೊಲೀಸರೇ ಹೊರತು ಆ ವ್ಯಕ್ತಿಗಳಲ್ಲ. ಮುಂದೆ ಆ ಕಾಯ್ದೆ ರದ್ದಾದರೂ ಅದರ ಮನೋಭಾವ ಉಳಿಯಿತು: 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿಸಿದ 36ಎ ಕಲಮು ಅಂಥದ್ದೇ ಪಟ್ಟಿಗೆ ಅವಕಾಶ ನೀಡಿತ್ತು. ಹೋರಾಟದ ನಂತರವಷ್ಟೇ ಈ ಸಮುದಾಯವನ್ನು ಗುರಿಮಾಡುವ ಪದವನ್ನು ಅದರಿಂದ ತೆಗೆಯಲಾಯಿತು.

ಬೆಳಗಾವಿ, ವಿಜಯಪುರದ ಕಡೆಯಿಂದ ಪುಣೆಗೋ ಗೋವಾದ ವಾಸ್ಕೊಗೋ ದುಡಿಯಲು ಹೋದವರಿಗೆ ಇನ್ನೊಂದು ದಾರಿಯೂ ಗೊತ್ತು. ಗಂಡಾಗಿ ಹುಟ್ಟಿ, ಸವದತ್ತಿ ಎಲ್ಲಮ್ಮನ ಸೇವೆಗೆ ಸೇರಿ ಹೆಣ್ಣಾಗಿ ಬಾಳುವ ಜೋಗಪ್ಪರ ಪರಂಪರೆಯಲ್ಲಿ ಮಗನ ನಡೆನುಡಿ ಬದಲಾದದ್ದನ್ನು ಕಂಡ ಮನೆಯವರು ‘ತಾಯಿ ಮೈಮ್ಯಾಲೆ ಬಂದಾಳ’ ಎನ್ನುತ್ತಾರೆ. ಮುತ್ತು ಕಟ್ಟಿಸಿ ದೇವಿಗೆ ಒಪ್ಪಿಸಿದ ಮೇಲೆ ಸೀರೆಗೆ ಯಾರೂ ಕಾರಣ ಕೇಳುವುದಿಲ್ಲ. ಹೇಳಲಾಗದ ಮಾತನ್ನು ದೇವಿಯೇ ಹೇಳಿಬಿಡುವ ಈ ವ್ಯವಸ್ಥೆಯನ್ನು ಹಗುರವಾಗಿ ನೋಡಬಾರದು, ಅದು ಎಷ್ಟೋ ಜೀವಗಳನ್ನು ಉಳಿಸಿದೆ. ಆದರೆ ಅದು ಕೊಡುವ ಬದುಕು ಜೋಗತಿಯದು. ಪುಣೆಯ ಹಿಂಜೆವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೂತವಳಿಗೆ ಅದು ಒದಗುವುದಿಲ್ಲ. ಹೆಣ್ಣೆಂದು ಬೆಳೆಸಲ್ಪಟ್ಟ ಗಂಡಿಗಂತೂ ಅದರಲ್ಲಿ ಜಾಗವೇ ಇಲ್ಲ.

ಹೊಸ ದಾರಿ ತೆರೆದುಕೊಂಡದ್ದು ಬಹುಮಟ್ಟಿಗೆ ಮುಂಬಯಿಯಲ್ಲೇ. 1994ರಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗಾಗಿ ದುಡಿಯುವ ಹಮ್‌ಸಫರ್ ಟ್ರಸ್ಟ್ ಆರಂಭವಾಯಿತು. ಪುಣೆಯಲ್ಲಿ ಹುಟ್ಟಿ, ಪೊಲೀಸ್ ಅಧಿಕಾರಿಯಾಗಿದ್ದ ತಂದೆಯ ಮನೆಯನ್ನು ಎಳೆಯ ವಯಸ್ಸಿನಲ್ಲೇ ತೊರೆದ ಟ್ರಾನ್ಸ್‌ಜೆಂಡರ್ ಹೋರಾಟಗಾರ್ತಿ ಗೌರಿ ಸಾವಂತ್ ಇಲ್ಲಿ ಸಖಿ ಚಾರ್ ಚೌಘಿ ಸಂಸ್ಥೆ ಕಟ್ಟಿದರು. ಅವರೂ ಠಾಣೆಯ ಇನ್ನೊಬ್ಬ ಹೋರಾಟಗಾರ್ತಿ ಲಕ್ಷ್ಮೀನಾರಾಯಣ ತ್ರಿಪಾಠಿಯವರೂ ಈ ಸಮುದಾಯದ ಹಕ್ಕುಗಳಿಗಾಗಿ ಸುಪ್ರೀಂ ಕೋರ್ಟಿನಲ್ಲಿ ನಡೆದ ಮೊಕದ್ದಮೆಯಲ್ಲಿ ಸೇರಿದ್ದರು. 2014ರ ಏಪ್ರಿಲ್ 15ರಂದು ಬಂದ ಆ ತೀರ್ಪು, ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದಿತು.

2020ರ ಜನವರಿಯಲ್ಲಿ ಜಾರಿಗೆ ಬಂದ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ ಈ ಹಕ್ಕನ್ನು ಜಿಲ್ಲಾ ದಂಡಾಧಿಕಾರಿಯ ಪ್ರಮಾಣಪತ್ರಕ್ಕೆ ಕಟ್ಟಿಹಾಕಿತು, ಸಮುದಾಯ ಬೀದಿಗಿಳಿದದ್ದು ಅದಕ್ಕಾಗಿಯೇ. ಉದ್ಯೋಗದ ವಿಷಯದಲ್ಲಿ ಮಾತ್ರ ಅದು ಮುಖ್ಯವಾದ ಕೆಲಸ ಮಾಡಿತು: ತಾರತಮ್ಯವನ್ನು ನಿಷೇಧಿಸಿ, ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕೆಂದಿತು. ನೌಕರರ ಲಿಂಗತ್ವದ ಗುರುತನ್ನು ಗುಟ್ಟಾಗಿಡಬೇಕೆಂದು 2020ರ ನಿಯಮಗಳು ಹೇಳಿದವು. ನನ್ನ ಮಟ್ಟಿಗೆ ಈ ಕೊನೆಯ ನಿಯಮವೇ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಸಹೋದ್ಯೋಗಿಗಳಿಗೆ ಹೇಳುವ ಗಳಿಗೆಯನ್ನು ಆರಿಸಿಕೊಳ್ಳುವ ಅಧಿಕಾರವನ್ನು ಅದು ನೌಕರಳಿಗೆ ಹಿಂದಿರುಗಿಸುತ್ತದೆ. ಸಣ್ಣ ಹೊಟೇಲು, ಅಂಗಡಿಗಳವರೆಗೆ ಅದು ಇನ್ನೂ ತಲುಪಬೇಕಾಗಿದೆ.

ಮನೆಯ ವಿಷಯದಲ್ಲಿ ಕಾಯ್ದೆ ಹೇಳಿದ್ದು ಕಡಿಮೆ. ಹೆತ್ತವರ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದು ಒಪ್ಪಿತು. ಮನೆಯವರಿಗೆ ನೋಡಿಕೊಳ್ಳಲಾಗದಿದ್ದರೆ ನ್ಯಾಯಾಲಯದ ಆದೇಶದಂತೆ ಪುನರ್ವಸತಿ ಕೇಂದ್ರ ಎಂದಿತು. ಹೊರಹಾಕಲ್ಪಟ್ಟವರನ್ನು ತಲೆಮಾರುಗಳಿಂದ ಸಾಕಿದ ಹಿಜ್ರಾಗಳ ಗುರು-ಚೇಲಾ (ಗುರು-ಶಿಷ್ಯ) ಮನೆಗಳನ್ನು ಅದು ಕುಟುಂಬವೆಂದು ಎಣಿಸಲೇ ಇಲ್ಲ.

ವಲಸೆ ಬಂದ ಕನ್ನಡಿಗರಿಗೆ ಇದರ ಮೇಲೆ ಕಾಗದಪತ್ರಗಳ ತೊಡಕೂ ಇದೆ. ಪ್ರಮಾಣಪತ್ರ ಪುಣೆಯಲ್ಲಿ ಸಿಗಬಹುದು. ಹಳೆಯ ಹೆಸರಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕರ್ನಾಟಕದ ಮಂಡಳಿಯದು, ಪಡಿತರ ಚೀಟಿ ಅಪ್ಪನ ಹೆಸರಿನಲ್ಲಿ ಊರಿನಲ್ಲಿದೆ. ಕಚೇರಿಯಲ್ಲಿ ಹೆಸರು ಬದಲಿಸಲು ಆ ಕಾಗದಗಳನ್ನು ತರಿಸಬೇಕು, ಏಕೆ ಬೇಕೆಂದು ಅಪ್ಪ ಕೇಳಿಯೇ ಕೇಳುತ್ತಾರೆ. ಹೀಗಾಗಿ ಕಚೇರಿಗೆ ಮೊದಲು ಹೇಳಿ, ಮನೆಗೆ ಸಾವಕಾಶವಾಗಿ ಹೇಳೋಣ ಎಂದುಕೊಂಡವರಿಗೂ ಎರಡೂ ಕಡೆ ಒಂದೇ ಸಲ ಹೇಳಬೇಕಾಗಿ ಬರುತ್ತದೆ.