100ರ ಪ್ಲಾನ್ ಹಾಕಿಸಿದರೂ ಮೊಬೈಲ್‌ನಲ್ಲಿ 28 ಯಾಕೆ?

ಪ್ರಶ್ನೆ: ಸರ್, ಮನಿಗಿ 100 ಎಂಬಿಪಿಎಸ್ ಫೈಬರ್ ಹಾಕ್ಸೀವಿ. ಮೊಬೈಲ್‌ದಾಗ ಸ್ಪೀಡ್ ಟೆಸ್ಟ್ ಮಾಡಿದ್ರ 28, 30 ಅಷ್ಟೇ ತೋರಸ್ಲಾಕತ್ತದ. ಏನಾರ ಡೌನ್‌ಲೋಡ್‌ಗಿ ಹಚ್ಚಿದ್ರ ಬರೀ 3 ಎಂಬಿ ಅಂತದ. ಕಂಪನಿಯವ್ರು ಮೋಸ ಮಾಡ್ಲಾಕತ್ತಾರೇನ್ರಿ? ಮನ್ಯಾಗೇ ಕರೆಕ್ಟ್ ಚೆಕ್ ಮಾಡೋದು ಹ್ಯಾಂಗ?
(ಕಲಬುರಗಿಯ ಓದುಗರೊಬ್ಬರು)

ಉತ್ತರ: ಮೋಸ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಮೊಬೈಲ್‌ನಲ್ಲಿ ಕಂಡ 28 ಅದಕ್ಕೆ ಸಾಕ್ಷಿಯಾಗುವುದಿಲ್ಲ. ಕಂಪನಿ ಹೇಳುವ ಸ್ಪೀಡು ನಿಮ್ಮ ಮನೆಯ ರೌಟರ್ ತನಕ. ಅಲ್ಲಿಂದ ಕೈಯಲ್ಲಿರುವ ಮೊಬೈಲ್ ತನಕ ಇರುವ ಹತ್ತು ಹದಿನೈದು ಅಡಿ ನಿಮ್ಮದು. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಸ್ಪೀಡು ಸೋರಿಹೋಗುವುದು ಆ ಹತ್ತು ಹದಿನೈದು ಅಡಿಯಲ್ಲೇ.

ಮೊದಲು ಆ 3 ಎಂಬಿ ಲೆಕ್ಕ ಮುಗಿಸೋಣ, ಅದರಲ್ಲಿ ತಪ್ಪೇನಿಲ್ಲ. ಪ್ಲಾನಿನ ಸ್ಪೀಡನ್ನು ಬಿಟ್‌ಗಳಲ್ಲಿ ಹೇಳುತ್ತಾರೆ (ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್), ಫೈಲಿನ ಗಾತ್ರವನ್ನು ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನಲ್ಲಿ ಒಂದಕ್ಕೆ ಸಣ್ಣ ಬಿ, ಇನ್ನೊಂದಕ್ಕೆ ದೊಡ್ಡ ಬಿ ಬರೆದು ವ್ಯತ್ಯಾಸ ತೋರಿಸುತ್ತಾರೆ. ಕನ್ನಡದಲ್ಲಿ ಎರಡೂ ‘ಎಂಬಿ’ಯೇ ಆಗಿಬಿಡುವುದರಿಂದ ನಮ್ಮ ಗೊಂದಲ ಇನ್ನೂ ಜಾಸ್ತಿ. 28ನ್ನು 8ರಿಂದ ಭಾಗಿಸಿ: ಮೂರೂವರೆ. ನಿಮಗೆ ಕಂಡದ್ದು ಸರಿಯಾಗಿಯೇ ಇದೆ. 100ರ ಪ್ಲಾನ್ ಪೂರ್ತಿ ಬಂದರೂ ಡೌನ್‌ಲೋಡ್‌ನಲ್ಲಿ ಕಾಣುವುದು 12ರ ಆಸುಪಾಸು. ಅಡತಿಯಲ್ಲಿ ಕ್ವಿಂಟಲ್ ರೇಟನ್ನು ಕಿಲೋ ರೇಟಿನ ಜೊತೆ ಹಿಡಿದು ಜಗಳ ತೆಗೆದರೆ ಹೇಗಿರುತ್ತದೋ ಹಾಗೆ ಇದು.

ಈಗ ಅಸಲಿ ಪರೀಕ್ಷೆ. ಒಂದು ಲ್ಯಾಪ್‌ಟಾಪ್ ಮತ್ತು ಒಂದು ಲ್ಯಾನ್ ಕೇಬಲ್ ಬೇಕು. ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ಅರ್ಧ ಗಂಟೆಗೆ ತನ್ನಿ. ಮನೆಯ ಎಲ್ಲ ಮೊಬೈಲ್‌ಗಳ ವೈಫೈ ಬಂದ್ ಮಾಡಿ, ಟಿವಿಯದ್ದೂ. ಇದನ್ನು ಯಾರೂ ಮಾಡುವುದಿಲ್ಲ. ಒಳಗಿನ ಕೋಣೆಯಲ್ಲಿ ಮಗ ಗೇಮ್ ಅಪ್‌ಡೇಟ್‌ಗೆ ಹಚ್ಚಿರುತ್ತಾನೆ, ಇತ್ತ ಅಪ್ಪ ಸ್ಪೀಡ್ ಟೆಸ್ಟ್ ಮಾಡಿ ಕಸ್ಟಮರ್ ಕೇರ್‌ನವರ ಮೇಲೆ ಹಾರಾಡುತ್ತಿರುತ್ತಾರೆ. ವಿಪಿಎನ್ (ನೆಟ್ಟನ್ನು ಬೇರೊಂದು ಸರ್ವರ್ ಸುತ್ತಿಸಿ ಒಯ್ಯುವ ಆ್ಯಪ್) ಇದ್ದರೆ ಅದನ್ನೂ ಆಫ್ ಮಾಡಿ. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರ ರೌಟರ್‌ಗೆ ಜೋಡಿಸಿ, ಅದರ ವೈಫೈ ಆರಿಸಿ, ಮೂರು ಸಲ ಟೆಸ್ಟ್ ಮಾಡಿ.

100ರ ಪ್ಲಾನಿಗೆ 94, 95 ಬಂದರೆ ಲೈನ್ ಚೆನ್ನಾಗಿದೆ. ಉಳಿದ ಐದು ಎಲ್ಲಿ ಹೋಯಿತು ಅನ್ನುತ್ತೀರಾ? ತೊಗರಿ ತೂಗುವಾಗ ಖಾಲಿ ಗೋಣಿಯ ತೂಕ ಕಳೆಯುವುದಿಲ್ಲವೇ, ಅದೇ. ಪ್ರತಿ ಡೇಟಾ ತುಂಡಿನ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂಬ ವಿಳಾಸ ಅಂಟಿರುತ್ತದೆ. ಆ ಚೀಲದ ತೂಕ ಟೆಸ್ಟ್‌ನಲ್ಲಿ ಎಣಿಕೆಗೆ ಬರುವುದಿಲ್ಲ.

ಈ 94ರ ಬಗ್ಗೆ ನನ್ನದೇ ಒಂದು ಕಥೆ ಇದೆ. ನಮ್ಮ ಮನೆಗೆ 200ರ ಪ್ಲಾನ್ ಹಾಕಿಸಿದ್ದೆ. ಕೇಬಲ್ ಹಚ್ಚಿ ನೋಡಿದರೂ ಬೆಳಿಗ್ಗೆ 94, ರಾತ್ರಿ 94. ಒಂದು ತಿಂಗಳು ಫೋನ್ ಮಾಡಿ ಮಾಡಿ ಕೂಗಾಡಿದೆ. ಕೊನೆಗೆ ಬಂದ ಲೈನ್‌ಮನ್ ಹುಡುಗ ರೌಟರನ್ನು ಮುಟ್ಟಲೂ ಇಲ್ಲ. ಕೇಬಲ್ ತುದಿಯ ಪ್ಲಾಸ್ಟಿಕ್ ಕನೆಕ್ಟರನ್ನು ಬೆಳಕಿಗೆ ಹಿಡಿದು, “ಸರ್, ಇದರಾಗ ಎರಡು ವೈರ್ ಕೂತೇ ಇಲ್ರಿ” ಅಂದ. ಲ್ಯಾನ್ ಕೇಬಲ್ ಒಳಗೆ ಎಂಟು ತಂತಿಗಳಿರುತ್ತವೆ. 100ರ ಸ್ಪೀಡಿಗೆ ನಾಲ್ಕು ಸಾಕು, ಗಿಗಾಬಿಟ್‌ಗೆ, ಅಂದರೆ 1000ದ ಸ್ಪೀಡಿಗೆ, ಎಂಟೂ ಬೇಕು. ಆ ಉಳಿದ ನಾಲ್ಕರಲ್ಲಿ ಒಂದು ತಂತಿ ಕೈಕೊಟ್ಟರೂ ಸಂಪರ್ಕ ಹೆಚ್ಚಾಗಿ ತಾನಾಗಿಯೇ 100ಕ್ಕೆ ಇಳಿದು ಕೂರುತ್ತದೆ, ಯಾರಿಗೂ ಹೇಳುವುದಿಲ್ಲ. ಹುಡುಗ ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದ (ಹೊಸ ಕನೆಕ್ಟರ್ ಒತ್ತಿ ಕೂರಿಸಿದ), 190 ದಾಟಿತು. ಆ ಕೇಬಲ್ ನಾನೇ ಅಂಗಡಿಯಲ್ಲಿ ಮಾಡಿಸಿ ತಂದದ್ದು. ಚಹಾ ಕುಡಿಸಿ ಕಳಿಸಿದೆ, ಇನ್ನೇನು ಮಾಡುವುದು! ಹಾಗಾಗಿ 100ಕ್ಕಿಂತ ದೊಡ್ಡ ಪ್ಲಾನ್ ಇದ್ದೂ ಅಂಕಿ 94ಕ್ಕೆ ಬಂದು ಗೂಟ ಹೊಡೆದಂತೆ ನಿಂತರೆ ಕೇಬಲ್ ನೋಡಿ, ಇಲ್ಲವೇ ರೌಟರ್‌ನ ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ) 100ರದ್ದೇ ಇರಬಹುದು, ಅದನ್ನು ವಿಚಾರಿಸಿ.

ಕೇಬಲ್‌ನಲ್ಲಿ 94, ಮೊಬೈಲ್‌ನಲ್ಲಿ 28 ಬಂದರೆ ಕಳ್ಳ ಮನೆಯೊಳಗೇ ಇದ್ದಾನೆ. ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ನಿಮ್ಮ ನೆಟ್‌ವರ್ಕ್ ಹೆಸರಿನ ಮೇಲೆ ಒತ್ತಿ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಲಿಂಕ್ ಸ್ಪೀಡ್ (ಫೋನು ಮತ್ತು ರೌಟರ್ ನಡುವಿನ ಸ್ಪೀಡು), ಫ್ರೀಕ್ವೆನ್ಸಿ (ವೈಫೈ ಓಡುವ ರೇಡಿಯೊ ತರಂಗ) ಎಂಬ ಎರಡು ವಿವರ ಕಾಣುತ್ತವೆ. ಫ್ರೀಕ್ವೆನ್ಸಿ 2.4 ಗಿಗಾಹರ್ಟ್ಸ್, ಲಿಂಕ್ ಸ್ಪೀಡ್ 72 ಅಂತಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತು. 72 ಎಂಬುದು ಕಾಗದದ ಮೇಲಿನ ಲೆಕ್ಕ. ಗಾಳಿಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ಹೀಗಾಗಿ ಕೈಗೆ ಸಿಗುವುದು 40ರ ಸುತ್ತ. ಅಕ್ಕಪಕ್ಕದ ನಾಲ್ಕು ಮನೆಯ ವೈಫೈ ಸೇರಿದರೆ 28. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು, ಅಂದರೆ ಸಿಗ್ನಲ್ ಓಡುವ ದಾರಿಗಳು, ಮೂರೇ: 1, 6, 11. ಒತ್ತೊತ್ತಾಗಿ ಮನೆಗಳಿರುವ ಓಣಿಯಲ್ಲಿ ಇಪ್ಪತ್ತು ರೌಟರ್‌ಗಳು ಆ ಮೂರರಲ್ಲೇ ನುಗ್ಗಾಡುತ್ತವೆ. ರೌಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಅದಕ್ಕೆ ಜೋಡಿಸಿ, ಅದೇ ಕೋಣೆಯಲ್ಲಿ ಕೂತು ಮತ್ತೆ ಟೆಸ್ಟ್ ಮಾಡಿ.

5ಕ್ಕೆ ಒಂದು ದೌರ್ಬಲ್ಯ ಇದೆ, ಗೋಡೆ ದಾಟಲು ಅದು ಹೆಣಗುತ್ತದೆ. ನಮ್ಮ ಕಡೆಯ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ ಬೇಸಿಗೆಗೆ ತಂಪು, ವೈಫೈಗೆ ವೈರಿ. ಅದಕ್ಕೆ ಜೊತೆಯಾಗಿ ಕೂಲರ್. ಮಾರ್ಚ್ ಬಂತೆಂದರೆ ಕಿಟಕಿಗೆ ತಗಡಿನ ದೊಡ್ಡ ಕೂಲರ್ ಬಂದು ಕೂರುತ್ತದೆ, ಹೊಟ್ಟೆ ತುಂಬ ನೀರು. ತಗಡು ಸಿಗ್ನಲ್ ತಡೆಯುತ್ತದೆ, ನೀರು ಹೀರುತ್ತದೆ. “ಬ್ಯಾಸಗ್ಯಾಗ ನೆಟ್ ಸ್ಲೋ ಆಗ್ತದ ನೋಡ್ರಿ” ಎನ್ನುವ ಒಬ್ಬರ ಮನೆಗೆ ಹೋಗಿ ನೋಡಿದರೆ ರೌಟರ್ ಇದ್ದದ್ದು ಕೂಲರ್ ಹಿಂದಿನ ಮೂಲೆಯಲ್ಲಿ. ಕಬ್ಬಿಣದ ಅಲಮಾರಿಯ ಹಿಂದೆ, ಟಿವಿಯ ಬೆನ್ನಿಗೆ ಇಡುವುದೂ ಇದೇ ಜಾತಿಯ ತಪ್ಪು. ನಡುಮನೆಯಲ್ಲಿ, ಎದೆಯೆತ್ತರದಲ್ಲಿ, ಬಯಲಾಗಿ ಇಡಿ. ಚೆಂದ ಕಾಣುವುದಿಲ್ಲ ಅಂತ ಮನೆಯವರು ತಕರಾರು ಮಾಡುತ್ತಾರೆ, ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಇನ್ನೂ ಅನುಮಾನ ಉಳಿದರೆ ಲ್ಯಾಪ್‌ಟಾಪನ್ನು ವೈಫೈಗೆ ಹಾಕಿ, ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು 192.168.1.1 ಬರೆದು ಎಂಟರ್ ಒತ್ತಿ. ಪಿಂಗ್ ಅಂದರೆ ಒಂದು ಸಣ್ಣ ಕೂಗು ಹಾಕಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುವುದು. ಅದು ರೌಟರ್‌ನ ವಿಳಾಸ. ಕೆಲವದರಲ್ಲಿ ಬೇರೆ ಇರುತ್ತದೆ, ಕೆಳಗಿನ ಚೀಟಿಯಲ್ಲಿ ಬರೆದಿರುತ್ತಾರೆ. ಉತ್ತರ ಐದಾರು ಮಿಲಿಸೆಕೆಂಡಿನೊಳಗೆ ಸಮನಾಗಿ ಬರುತ್ತಿದ್ದರೆ ವೈಫೈ ಸರಿಯಿದೆ. 4, 180, 7, 260 ಎಂದು ಕುಣಿಯುತ್ತಿದ್ದರೆ ಕಂಪನಿಗೆ ಫೋನ್ ಮಾಡಿ ಉಪಯೋಗವಿಲ್ಲ, ಏಕೆಂದರೆ ಮಾತು ಇನ್ನೂ ನಿಮ್ಮ ಮನೆಯ ಹೊಸ್ತಿಲೇ ದಾಟಿಲ್ಲ.

ಯಾವ ಆ್ಯಪ್ ಒಳ್ಳೆಯದು ಎಂದೂ ಕೇಳುತ್ತಾರೆ. ಊಕ್ಲಾ ಕಂಪನಿಯವರ ಸ್ಪೀಡ್‌ಟೆಸ್ಟ್ ಹೆಚ್ಚಾಗಿ ಹತ್ತಿರದ ಸರ್ವರ್ (ಟೆಸ್ಟ್‌ಗೆ ಡೇಟಾ ಕಳಿಸುವ ಕಂಪ್ಯೂಟರ್) ಆರಿಸಿಕೊಳ್ಳುತ್ತದೆ. ಅದು ನಿಮ್ಮ ಕಂಪನಿಯದ್ದೇ ಸರ್ವರ್ ಆಗಿರಬಹುದು, ಆಗ ಅಂಕಿ ಭರ್ಜರಿ ಬರುತ್ತದೆ. ಫಾಸ್ಟ್ ಡಾಟ್ ಕಾಮ್ 2016ರಲ್ಲಿ ನೆಟ್‌ಫ್ಲಿಕ್ಸ್ ತಂದದ್ದು, ಅದು ಅಳೆಯುವುದು ನೆಟ್‌ಫ್ಲಿಕ್ಸ್‌ನ ಸರ್ವರ್‌ನಿಂದ ನಿಮ್ಮ ತನಕದ ದಾರಿ. ಮೊದಲನೆಯದರಲ್ಲಿ 94, ಎರಡನೆಯದರಲ್ಲಿ 30 ಬಂದರೆ ಊರೊಳಗಿನ ಲೈನ್ ಸರಿ, ಹೊರಗಿನ ದಾರಿ ಇಕ್ಕಟ್ಟು ಎಂದು ಊಹಿಸಬಹುದು. ಸರ್ವರನ್ನು ಕೈಯಾರೆ ಬದಲಿಸಿ ಹೈದರಾಬಾದ್, ಬೆಂಗಳೂರು, ಮುಂಬೈ ಮೂರಕ್ಕೂ ನೋಡಿ. ಕಲಬುರಗಿಗೆ ಹೈದರಾಬಾದೇ ಹತ್ತಿರ, ಆದರೂ ಕೇಬಲ್ ಹೋಗುವ ದಾರಿ ರೈಲಿನ ದಾರಿಯಂತೆ ನೇರ ಇರಬೇಕೆಂದಿಲ್ಲ. ಮೊಬೈಲ್ ಡೇಟಾದಲ್ಲಿ ಟೆಸ್ಟ್ ಮಾಡುವವರಿಗೆ ಒಂದು ಮಾತು: 100ರ ಸ್ಪೀಡಿನಲ್ಲಿ ಹತ್ತು ಸೆಕೆಂಡ್ ಓಡಿದರೆ 125 ಎಂಬಿ ಖಾಲಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದವರು ಹನ್ನೆರಡು ಸಲ ಮಾಡಿದರೆ ಆ ದಿನದ ನೆಟ್ ಮುಗಿಯಿತು.

ಕೇಬಲ್ ಹಚ್ಚಿದ ಮೇಲೂ ಸ್ಪೀಡು ಕಡಿಮೆ ಬಂದರೆ ಆಗ ಕಂಪನಿಯ ಸರದಿ. ಬೆಳಿಗ್ಗೆ 6ಕ್ಕೆ, ರಾತ್ರಿ 9ಕ್ಕೆ, ಒಂದು ವಾರ ಟೆಸ್ಟ್ ಮಾಡಿ, ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಮೇಲೆಯೇ ಅಂಕಿ ಬರೆಯಿರಿ. ಬೆಳಿಗ್ಗೆ ಪೂರ್ತಿ ಬಂದು ರಾತ್ರಿ ಅರ್ಧಕ್ಕೆ ಬಿದ್ದರೆ, ಅವರು ತಮ್ಮ ಶಕ್ತಿಗಿಂತ ಹೆಚ್ಚು ಮನೆಗಳಿಗೆ ಹಂಚಿದ್ದಾರೆ ಎಂಬ ಸಂಶಯಕ್ಕೆ ಬಲ ಬರುತ್ತದೆ. ಎರಡೂ ಹೊತ್ತು 1 ಅಥವಾ 2ರಲ್ಲೇ ಇದ್ದರೆ ಆ ತಿಂಗಳ ಡೇಟಾ ಮಿತಿ ಮುಗಿದಿದೆಯೇ ನೋಡಿ.

ದೂರು ಕೊಡುವಾಗ “ನೆಟ್ ಸ್ಲೋ ಅದ” ಎಂದಷ್ಟೇ ಹೇಳಿದರೆ “ರೌಟರ್ ಆಫ್ ಮಾಡಿ ಆನ್ ಮಾಡ್ರಿ” ಎಂಬ ಉತ್ತರ ಸಿದ್ಧವಿರುತ್ತದೆ. ಲ್ಯಾನ್ ಕೇಬಲ್‌ನಲ್ಲಿ, ಇಂಥ ದಿನ, ಇಷ್ಟು ಗಂಟೆಗೆ, ಇಷ್ಟು ಬಂತು ಎನ್ನಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಜಾಹೀರಾತಿನಲ್ಲಿ 100ರ ಹಿಂದೆ ‘ವರೆಗೆ’ ಎಂದು ಸಣ್ಣ ಅಕ್ಷರದಲ್ಲಿ ಇರುವುದನ್ನು ಅವರು ನೆನಪಿಸಬಹುದು. ಸರ್ಕಾರದ ವ್ಯಾಖ್ಯೆಯಂತೂ ನಮ್ಮ ನೆರವಿಗೆ ಬರುವುದಿಲ್ಲ: 2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಅನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇದ್ದರೆ ಸಾಕು. ಅದಕ್ಕೇ ನಿಮ್ಮ ಬರೆದಿಟ್ಟ ಅಂಕಿಗಳು ಮುಖ್ಯ. ಫೋನ್ ಇಡುವ ಮುಂಚೆ ಡಾಕೆಟ್ ನಂಬರ್ (ನಿಮ್ಮ ದೂರಿನ ಸಂಖ್ಯೆ) ಕೇಳಿ ಬರೆದುಕೊಳ್ಳಿ. ಅದಿಲ್ಲದೆ ಕಂಪನಿಯ ಮೇಲ್ಮನವಿ ಪ್ರಾಧಿಕಾರದ ಮುಂದೆ ಹೋಗುವುದು ಕಷ್ಟ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.